ಮನೆ, ಹಾಡಿ, ಊರು: ವಾಸ್ತುವನ್ನು ಸಂಗ್ರಹಾಲಯದಲ್ಲಿ ತೋರಿಸುವ ಬಗೆ

ವಸ್ತುಗಳನ್ನು ಅವುಗಳ ಮೂಲಸ್ಥಾನದಿಂದ ತಂದು, ಒಂದು ಸೂರಿನ ಕೆಳಗೆ ಇರಿಸಿ, ನೋಡುವವರಿಗೆ ಅರ್ಥವಾಗುವಂತೆ ಅಣಿಗೊಳಿಸುವುದು ಸಂಗ್ರಹಾಲಯದ ಕೆಲಸ. ನಾಣ್ಯ, ತಾಮ್ರಶಾಸನ, ವಿಗ್ರಹ, ಒಡವೆ, ನೇಗಿಲು ಇವೆಲ್ಲ ಈ ಏರ್ಪಾಡಿಗೆ ಒಗ್ಗುತ್ತವೆ. ಕಟ್ಟಡ ಒಗ್ಗುವುದಿಲ್ಲ. ಅದನ್ನು ಎತ್ತಿ ತರುವುದು ಕಷ್ಟ. ತಂದರೂ ಅದು ನಿಂತಿದ್ದ ನೆಲ, ಅದರ ಎದುರಿನ ಬೀದಿ, ಮಳೆ ಬೀಸುವ ದಿಕ್ಕು, ನೆರೆಮನೆ ಇವು ಅದರ ಜೊತೆಯಲ್ಲಿ ಬರುವುದಿಲ್ಲ. ಒಂದು ಮನೆಯ ಪಾಡೇ ಹೀಗಾದರೆ ಊರಿನ ಮಾತನ್ನು ಹೇಳಬೇಕಾದುದಿಲ್ಲ. ಆದರೂ ಕಟ್ಟಡಗಳನ್ನೂ ಊರುಗಳನ್ನೂ ಪ್ರದರ್ಶಿಸುವ ಪ್ರಯತ್ನಗಳು ಒಂದು ಶತಮಾನಕ್ಕೂ ಮಿಕ್ಕ ಕಾಲದಿಂದ ನಡೆದುಬಂದಿವೆ. ಆ ಪ್ರಯತ್ನಗಳಲ್ಲಿ ಯಾವುದು ಉಳಿಯಿತು, ಯಾವುದು ತಪ್ಪಿಹೋಯಿತು ಎಂಬುದನ್ನೂ, ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯ ಸೀಮೆಯಲ್ಲಿ ಇಂಥ ಪ್ರದರ್ಶನವನ್ನು ಏರ್ಪಡಿಸುವುದಾದರೆ ಅದು ಹೇಗಿರಬೇಕೆಂಬುದನ್ನೂ ಇಲ್ಲಿ ವಿಚಾರಮಾಡುತ್ತೇವೆ.

ವಾಸ್ತುವನ್ನು ಪ್ರದರ್ಶನಕ್ಕೆ ಇಡುವ ಬುದ್ಧಿ ನಮ್ಮ ನಾಡಿಗೆ ಹೊರಗಿನಿಂದ ಬಂದುದೆಂದು ಹೇಳುವಂತಿಲ್ಲ. 13ನೆಯ ಶತಮಾನದ ಸೋಮನಾಥಪುರದ ಕೇಶವ ದೇವಾಲಯದ ಹೊರಗೋಡೆಯನ್ನು ನೋಡಿದವರು ವಿಗ್ರಹಗಳ ನಡುವೆ ಅರ್ಧಕಂಬಗಳ ಮೇಲೆ ನಿಂತ ಪುಟ್ಟ ಶಿಖರಗಳನ್ನೂ ಗಮನಿಸಿರುತ್ತಾರೆ. ದೇವಾಲಯದ ಗೋಡೆಯ ಮೇಲೆಯೇ ದೇವಾಲಯಗಳ ಕಿರುರೂಪಗಳನ್ನು ಸಾಲಾಗಿ ಕೆತ್ತುವ ಈ ಪದ್ಧತಿ ಚಾಲುಕ್ಯರ ಕಾಲದಿಂದಲೂ ಕನ್ನಡನಾಡಿನ ಶಿಲ್ಪಿಗಳಿಗೆ ಪ್ರಿಯವಾಗಿತ್ತು. ತಮ್ಮ ವಿದ್ಯೆಯಲ್ಲಿ ಎಷ್ಟು ಬಗೆಯ ಶಿಖರಗಳುಂಟೆಂಬುದನ್ನು ಅವರು ಅಲ್ಲಿಯೇ ತೋರಿಸಿದರು. ವಿಷಯಾಂತರವಾದರೂ ಇದನ್ನು ಹೇಳಿದುದಕ್ಕೆ ಕಾರಣವಿದೆ: ಈ ಪ್ರದರ್ಶನದಲ್ಲಿ ವಸ್ತುವೂ ಅದರ ಸ್ಥಾನವೂ ಬೇರೆಯಾಗಿಲ್ಲ. ಆಧುನಿಕ ಸಂಗ್ರಹಾಲಯ ಎದುರಿಸಬೇಕಾದುದೆಲ್ಲ ಆ ಬೇರ್ಪಡೆಯ ಫಲವೇ.

ಕಟ್ಟಡವನ್ನು ತರಲಾಗದಿದ್ದಾಗ ಅದರ ಚಿತ್ರವನ್ನು ತರುವುದು ಮೊದಲ ಉಪಾಯ. ನಕ್ಷೆ, ಛಾಯಾಚಿತ್ರ, ಮರದ ಅಥವಾ ಗಾರೆಯ ಪ್ರತಿಕೃತಿ ಇವು ಈ ವರ್ಗಕ್ಕೆ ಸೇರುತ್ತವೆ. ಈ ವಿಧಾನದಿಂದ ಊರನ್ನೇ ತೋರಿಸಹೊರಟವರಲ್ಲಿ ಪ್ರಮುಖರು ಸ್ಕಾಟ್ಲೆಂಡಿನ ಪ್ಯಾಟ್ರಿಕ್ ಗೆಡ್ಡೆಸ್. ವೃತ್ತಿಯಿಂದ ಸಸ್ಯಶಾಸ್ತ್ರದ ಅಧ್ಯಾಪಕರಾಗಿದ್ದ ಅವರು ನಕ್ಷೆಗಳು, ಹಳೆಯ ಮುದ್ರಣಚಿತ್ರಗಳು, ಛಾಯಾಚಿತ್ರಗಳು ಇವನ್ನು ಕೂಡಿಸಿ ನಗರಗಳ ಪ್ರದರ್ಶನವೊಂದನ್ನು ಸಿದ್ಧಪಡಿಸಿ ಯೂರೋಪಿನ ಹಲವು ನಗರಗಳಿಗೆ ಒಯ್ದರು. 1914ರಲ್ಲಿ ಅದನ್ನು ಭರತಖಂಡಕ್ಕೆ ತರಲು ಹೊರಟಾಗ, ಸಾಮಗ್ರಿಯನ್ನು ಹೊತ್ತಿದ್ದ ಹಡಗನ್ನು ಎಂಡೆನ್ ಎಂಬ ಜರ್ಮನ್ ಯುದ್ಧನೌಕೆ ಮುಳುಗಿಸಿತು. ಸ್ನೇಹಿತರು ಮತ್ತೆ ಸಾಮಗ್ರಿಯನ್ನು ಕೂಡಿಸಿಕೊಟ್ಟರು. 1915ರಲ್ಲಿ ಮದರಾಸಿನಲ್ಲಿ ಪ್ರದರ್ಶನ ನಡೆಯಿತು. ಗೆಡ್ಡೆಸ್ ಆಗ ಮದರಾಸು ಪ್ರಾಂತಕ್ಕೆ ಸೇರಿದ್ದ ಬಳ್ಳಾರಿಯನ್ನೂ ನೋಡಿ ಅದರ ಬಗ್ಗೆ ವರದಿ ಬರೆದರು. ಇಕ್ಕಟ್ಟಾದ ಹಳೆಯ ಬೀದಿಯನ್ನು ಕೆಡವಿ ನೇರ ರಸ್ತೆಯನ್ನು ಎಳೆಯುವುದಕ್ಕೆ ಮುಂಚೆ, ಮನೆ ಮನೆಯನ್ನೂ ಮರ ಮರವನ್ನೂ ನಡೆದು ನೋಡಿ ಗುರುತುಮಾಡಬೇಕೆಂಬುದು ಅವರ ಹಟ. ಅವರ ಪ್ರದರ್ಶನವೂ ಆ ಹಟದ ಭಾಗವೇ ಆಗಿತ್ತು. ಊರಿನ ಜನ ತಮ್ಮ ಊರನ್ನು ನೋಡಲು ಕಲಿಯಲೆಂಬುದು ಅದರ ಗುರಿ.

ಈ ಗುರಿಯನ್ನು ಮುಂದಿನವರೆಲ್ಲ ನೆನಪಿನಲ್ಲಿಟ್ಟುಕೊಂಡರೆಂದು ಹೇಳಲಾಗುವುದಿಲ್ಲ. ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿ 1932ರಲ್ಲಿ ನಡೆದ ಆಧುನಿಕ ವಾಸ್ತುಪ್ರದರ್ಶನ ಒಂದು ಶೈಲಿಯನ್ನು ಜಗತ್ತಿಗೆಲ್ಲ ಪರಿಚಯಿಸಿತು. ಅದೇ ಸಂಗ್ರಹಾಲಯದಲ್ಲಿ 1964ರಲ್ಲಿ ಬರ್ನಾರ್ಡ್ ರುಡೋಫ್ಸ್ಕಿ ಎಂಬವರು ಅದಕ್ಕೆ ತದ್ವಿರುದ್ಧವಾದುದನ್ನು ತೋರಿಸಿದರು: ಶಿಕ್ಷಣ ಪಡೆದ ವಾಸ್ತುಶಿಲ್ಪಿಯ ಕೈಯಿಲ್ಲದೆ ಜನರೇ ಕಟ್ಟಿಕೊಂಡ ಮನೆಗಳ, ಹಳ್ಳಿಗಳ, ಕಣಜಗಳ ಛಾಯಾಚಿತ್ರಗಳು. ವಿದ್ವಾಂಸರು ಕಡೆಗಣಿಸಿದ್ದ ಕ್ಷೇತ್ರವೊಂದು ಇದರಿಂದ ಬೆಳಕಿಗೆ ಬಂದಿತು. ಆದರೆ ಛಾಯಾಚಿತ್ರವು ಹಳ್ಳಿಯನ್ನು ಸುಂದರ ಆಕೃತಿಯನ್ನಾಗಿ ಮಾಡಿಬಿಡುತ್ತದೆ. ಯಾರು ಕಟ್ಟಿದರು, ಎಷ್ಟು ದಿನ ಹಿಡಿಯಿತು, ಬಿದಿರು ಎಲ್ಲಿಂದ ಬಂದಿತು, ಸೋರಿದಾಗ ಯಾರು ಮೇಲೆ ಹತ್ತಿದರು ಎಂಬ ಪ್ರಶ್ನೆಗಳು ಆ ಸೌಂದರ್ಯದ ಎದುರಿಗೆ ಏಳುವುದೇ ಇಲ್ಲ. ಭಾರತದಲ್ಲಿ 1986ರ ‘ವಿಸ್ತಾರ’ ಮತ್ತು 2016ರಲ್ಲಿ ಮುಂಬಯಿಯ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯಲ್ಲಿ ನಡೆದ ವಾಸ್ತುಪ್ರದರ್ಶನ ದೊಡ್ಡ ಪ್ರಮಾಣದವು. ಅವುಗಳ ವಿಮರ್ಶೆ ಬೇರೆ ಲೇಖನದ ವಿಷಯ.

ಎರಡನೆಯ ಉಪಾಯ ಮನೆಯನ್ನೇ ತರುವುದು. ಸ್ವೀಡನ್ನಿನ ಸ್ಟಾಕ್‌ಹೋಮ್ ನಗರದಲ್ಲಿ ಆರ್ಟುರ್ ಹಾಸೆಲಿಯಸ್ 1891ರಲ್ಲಿ ತೆರೆದ ಸ್ಕಾನ್ಸೆನ್ ಎಂಬ ಬಯಲು ಸಂಗ್ರಹಾಲಯ ಈ ಮಾರ್ಗಕ್ಕೆ ಮೇಲ್ಪಂಕ್ತಿಯಾಯಿತು. ನಾಡಿನ ನಾನಾ ಭಾಗಗಳ ಮರದ ಮನೆಗಳನ್ನು ಬಿಚ್ಚಿ ತಂದು ಅಲ್ಲಿ ಮರಳಿ ನಿಲ್ಲಿಸಲಾಯಿತು. ನಮ್ಮಲ್ಲಿ ಇದಕ್ಕೆ ಸಮನಾದ ಸಾಹಸವನ್ನು ಮಣಿಪಾಲದಲ್ಲಿ ಕಾಣಬಹುದು. ಬ್ಯಾಂಕಿನ ನೌಕರಿಯಲ್ಲಿದ್ದ ವಿಜಯನಾಥ ಶೆಣೈ (ನಿಧನ 2017) ಅವರು ಕೆಡವಲು ಸಿದ್ಧವಾಗಿದ್ದ ಹಳೆಯ ಮನೆಗಳನ್ನು ಕೊಂಡು, ಬಿಚ್ಚಿಸಿ, ಹಸ್ತಶಿಲ್ಪ ಪಾರಂಪರಿಕ ಗ್ರಾಮದಲ್ಲಿ ಮತ್ತೆ ಕಟ್ಟಿಸಿದರು. ಕುಂಜೂರಿನ ಚೌಕಿಮನೆ, ಮಿಯಾರಿನ ಮನೆ, ಮುಧೋಳದ ಅರಮನೆಯ ದರ್ಬಾರು ಭಾಗ, ಕುಕನೂರಿನ ಕಮಲ ಮಹಲು ಅಲ್ಲಿವೆ. ಮದರಾಸಿನ ದಕ್ಷಿಣಕ್ಕೆ ಮುಟ್ಟುಕಾಡಿನಲ್ಲಿ 1996ರಲ್ಲಿ ತೆರೆದ ದಕ್ಷಿಣಚಿತ್ರದಲ್ಲಿಯೂ ಕರ್ನಾಟಕದ ಎರಡು ಮಾದರಿಗಳುಂಟು: ಇಳಕಲ್ಲಿನ ನೇಕಾರರ ಮನೆ ಮತ್ತು ಚಿಕ್ಕಮಗಳೂರಿನ ಮುಸ್ಲಿಂ ಕುಟುಂಬದ ಮನೆ.

ಮನೆಯನ್ನು ಸಾಗಿಸುವ ಕೆಲಸ ನಡೆಯುವ ಕ್ರಮವನ್ನು ತಿಳಿದರೆ ಸಂಗ್ರಹಾಲಯಗಳಲ್ಲಿ ಎಂಥ ಮನೆಗಳು ಸೇರುತ್ತವೆ, ಎಂಥವು ಸೇರುವುದಿಲ್ಲ ಎಂಬುದು ತಾನಾಗಿ ತಿಳಿಯುತ್ತದೆ. ಮೊದಲು ಅಳತೆಯ ನಕ್ಷೆ ತೆಗೆಯುತ್ತಾರೆ. ಬಳಿಕ ಒಂದೊಂದು ಕಂಬ, ತೊಲೆ, ಬೋದಿಗೆ, ಜಂತಿಗೂ ಗುರುತಿನ ಸಂಖ್ಯೆ ಹಾಕುತ್ತಾರೆ. ಮೇಲಿನಿಂದ ಕೆಳಕ್ಕೆ ಬಿಚ್ಚುತ್ತಾರೆ. ಹೊಸ ಜಾಗದಲ್ಲಿ ಅದೇ ಸಂಖ್ಯೆಯ ಪ್ರಕಾರ ಕೆಳಗಿನಿಂದ ಮೇಲಕ್ಕೆ ಜೋಡಿಸುತ್ತಾರೆ. ಕರಾವಳಿಯ ಚೌಕಿಮನೆಯ ಮರಗೆಲಸ ಕಚ್ಚು ಮತ್ತು ಬೆಣೆಗಳಿಂದ ಕೂಡಿದುದಾದ್ದರಿಂದ ಅದು ಈ ಕ್ರಮಕ್ಕೆ ಒಪ್ಪುತ್ತದೆ. ಮಣ್ಣಿನ ಗೋಡೆಗೆ ಸಂಖ್ಯೆ ಹಾಕುವುದೆಲ್ಲಿ? ಅದನ್ನು ಕೆಡವಿದರೆ ಅದು ಮಣ್ಣೇ. ಹೀಗೆ, ಯಾರೂ ಉದ್ದೇಶಪಡದಿದ್ದರೂ, ಬೆಲೆಬಾಳುವ ಮರವನ್ನು ಬಳಸಬಲ್ಲವರ ಮನೆಗಳು ಸಂಗ್ರಹಾಲಯವನ್ನು ತುಂಬಿ, ಮಣ್ಣು ಬಿದಿರು ಹುಲ್ಲುಗಳಲ್ಲಿ ಕಟ್ಟಿಕೊಂಡವರ ಮನೆಗಳು ಹೊರಗುಳಿದವು. ನಾಡಿನ ಬಹುಸಂಖ್ಯಾತರ ವಾಸ್ತು ಇದರಿಂದ ಅದೃಶ್ಯವಾಯಿತೆಂಬುದನ್ನು ವಿದ್ಯಾರ್ಥಿಗಳು ಗಮನಿಸತಕ್ಕದ್ದು.

ಈ ಕೊರತೆಯನ್ನು ಅರಿತು ಬೇರೊಂದು ದಾರಿ ಹಿಡಿದುದು ಭೋಪಾಲಿನ ಇಂದಿರಾ ಗಾಂಧಿ ರಾಷ್ಟ್ರೀಯ ಮಾನವ ಸಂಗ್ರಹಾಲಯ. 1977ರಲ್ಲಿ ದೆಹಲಿಯಲ್ಲಿ ಆರಂಭವಾಗಿ ಅನಂತರ ಭೋಪಾಲಿಗೆ ಬಂದ ಈ ಸಂಸ್ಥೆ ಶ್ಯಾಮಲಾ ಗುಡ್ಡಗಳ ಮೇಲಿನ ಸುಮಾರು 200 ಎಕರೆಯಲ್ಲಿ ಬುಡಕಟ್ಟುಗಳ ವಸತಿ, ಕರಾವಳಿ ಗ್ರಾಮ, ಹಿಮಾಲಯದ ಗ್ರಾಮ ಮುಂತಾದ ಬಯಲು ಪ್ರದರ್ಶನಗಳನ್ನು ರೂಪಿಸಿದೆ. ಅಲ್ಲಿ ಆಯಾ ಸಮುದಾಯದವರನ್ನೇ ಕರೆಸಿ, ಅವರ ಸಾಮಗ್ರಿಯಿಂದ, ಅವರ ಕೈಯಿಂದಲೇ ಮನೆಗಳನ್ನು ಕಟ್ಟಿಸುವುದು ಪದ್ಧತಿ. ಮನೆಯ ಬದಲು ಮನೆ ಕಟ್ಟುವ ವಿದ್ಯೆಯನ್ನು ಬರಮಾಡಿಕೊಂಡರು ಎನ್ನಬಹುದು. ಹುಲ್ಲು ಕೊಳೆತಾಗ ಮತ್ತೆ ಅವರೇ ಬರಬೇಕು. ಆಗ ಆ ಸಂಬಂಧವೂ ಮತ್ತೆ ಜೀವಂತವಾಗುತ್ತದೆ.

ಇಷ್ಟಾದರೂ ಒಂದು ತೊಡಕು ಉಳಿಯಿತು. ಅದು ಚಿಕ್ಕದೆಂದು ಕಂಡರೂ ನಮ್ಮ ದೃಷ್ಟಿಯಲ್ಲಿ ಬಹು ಮುಖ್ಯವಾದದ್ದು. ಹುಲ್ಲುಮಾಡಿನ ಗುಡಿಸಲಿನಲ್ಲಿ ಒಲೆ ನಿತ್ಯವೂ ಉರಿಯುತ್ತದೆ. ಆ ಹೊಗೆ ಬಿದಿರಿಗೂ ಹುಲ್ಲಿಗೂ ಹತ್ತಿ, ಮಸಿಗಟ್ಟಿ, ಹುಳು ಹಿಡಿಯದಂತೆ ಕಾಯುತ್ತದೆ. ಒಳಗಿನ ತೇವವನ್ನು ಒಣಗಿಸುತ್ತದೆ. ಸಂಗ್ರಹಾಲಯದ ಗುಡಿಸಲಿನಲ್ಲಿ ಒಲೆಯಿದೆ, ಬೆಂಕಿಯಿಲ್ಲ. ಆದುದರಿಂದ ಜನ ವಾಸವಿರುವ ಗುಡಿಸಲಿಗಿಂತ ಯಾರೂ ವಾಸಿಸದ ಗುಡಿಸಲು ಬೇಗ ಹಾಳಾಗುತ್ತದೆ. ವಾಸವೇ ಮನೆಯ ರಕ್ಷಣೆಯ ಒಂದು ಅಂಗವೆಂಬುದನ್ನು ಯಾವ ಫಲಕದಲ್ಲಿ ಬರೆದು ತಿಳಿಸುವುದು?

ಮೈಸೂರಿನಲ್ಲಿ ಈ ವಿಚಾರಗಳಿಗೆ ನೆಲೆಯಾಗಬಲ್ಲ ಎರಡು ಕಟ್ಟಡಗಳುಂಟು. ಭೋಪಾಲಿನ ಸಂಗ್ರಹಾಲಯದ ದಕ್ಷಿಣ ಪ್ರಾದೇಶಿಕ ಕೇಂದ್ರ ಇರ್ವಿನ್ ರಸ್ತೆಯ ವೆಲಿಂಗ್ಟನ್ ಹೌಸಿನಲ್ಲಿದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಆರ್ಥರ್ ವೆಲ್ಲೆಸ್ಲಿ ಇಳಿದುಕೊಂಡಿದ್ದ ಮನೆಯದು. ಇನ್ನೊಂದು ಮಾನಸಗಂಗೋತ್ರಿಯ ಜಯಲಕ್ಷ್ಮೀ ವಿಲಾಸ. ಇದರ ಕಥೆಯನ್ನು ಸ್ವಲ್ಪ ಹೇಳಬೇಕು. 1897ರಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ವಿವಾಹದ ಸಮಯದಲ್ಲಿ ಮೈಸೂರಿನ ಮರದ ಅರಮನೆ ಬೆಂಕಿಗೆ ಆಹುತಿಯಾಯಿತು. ಅದರ ಜಾಗದಲ್ಲಿ ಹೆನ್ರಿ ಇರ್ವಿನ್ನರ ಕಲ್ಲಿನ ಅರಮನೆ 1912ರ ಹೊತ್ತಿಗೆ ಎದ್ದಿತು. ಅದೇ ರಾಜಕುಮಾರಿಗಾಗಿ 1905ರಲ್ಲಿ ಜಯಲಕ್ಷ್ಮೀ ವಿಲಾಸ ನಿರ್ಮಾಣವಾಯಿತು. 1959ರಲ್ಲಿ, ಕುವೆಂಪು ಅವರು ಕುಲಪತಿಗಳಾಗಿದ್ದಾಗ, ವಿಶ್ವವಿದ್ಯಾನಿಲಯ ಅದನ್ನು ಪಡೆದುಕೊಂಡಿತು. 1968ರಲ್ಲಿ ಜಾನಪದ ವಸ್ತುಸಂಗ್ರಹಾಲಯದ ಕೆಲಸ ಆರಂಭವಾಯಿತು. ದೇ. ಜವರೇಗೌಡ, ಜೀ. ಶಂ. ಪರಮಶಿವಯ್ಯ, ಪಿ. ಆರ್. ತಿಪ್ಪೇಸ್ವಾಮಿ ಮೊದಲಾದವರ ಶ್ರಮದಿಂದ ಹಳ್ಳಿಗಾಡಿನ ಸಾವಿರಾರು ವಸ್ತುಗಳು ಅಲ್ಲಿಗೆ ಬಂದವು. ಒನಕೆ, ಬೀಸುಕಲ್ಲು, ಮೊರ, ಗುಡಾಣ, ಬೇಟೆಯ ಬಲೆ ಮುಂತಾದ ಮನೆಬಳಕೆಯ ಪದಾರ್ಥಗಳಿಗೆ ಅರಮನೆಯ ಕೋಣೆಗಳಲ್ಲಿ ಸ್ಥಾನ ಸಿಕ್ಕಿತು. ಮನೆಯೊಳಗಿನದೆಲ್ಲ ಬಂದಿದೆ, ಮನೆ ಬಂದಿಲ್ಲ ಎಂದರೆ ಅದು ಆ ಮಹನೀಯರ ಕೆಲಸದ ಮೇಲಿನ ಆಕ್ಷೇಪವಲ್ಲ. ಸಂಗ್ರಹದ ಸ್ವಭಾವವೇ ಅಂಥದು.

ಆ ವಸ್ತುಗಳ ಹಿಂದಿನ ವಾಸ್ತುವನ್ನು ಹುಡುಕಿಕೊಂಡು ಮೈಸೂರಿನಿಂದ ನೈಋತ್ಯಕ್ಕೆ ಹೊರಟವರು ಹೆಗ್ಗಡದೇವನಕೋಟೆಗೆ ಸಮೀಪದಲ್ಲಿ ಹ್ಯಾಂಡ್‌ಪೋಸ್ಟ್ ಎಂಬ ಸ್ಥಳವನ್ನು ತಲಪುತ್ತಾರೆ. ಆ ಇಂಗ್ಲಿಷ್ ಮಾತಿಗೆ ದಾರಿ ತೋರುವ ಕೈಗಳುಳ್ಳ ಕಂಬವೆಂದು ಅರ್ಥ. ನಾಡಿನ ಬೇರೆಡೆಗಳಲ್ಲಿ ಕೈಮರ, ಕೈಕಂಬ ಎಂಬ ಹೆಸರಿನ ಊರುಗಳಿವೆಯಷ್ಟೆ, ಇದೂ ಅದೇ ಜಾತಿಯ ಹೆಸರು. ಇಲ್ಲಿಂದ ಕಾಡಿನ ಅಂಚಿನವರೆಗೆ ಹರಡಿರುವ ಸೀಮೆ ಜೇನುಕುರುಬರು, ಕಾಡುಕುರುಬರು, ಯರವರು, ಸೋಲಿಗರು ಮೊದಲಾದವರ ಹಾಡಿಗಳ ಸೀಮೆ.

ಜೇನುಕುರುಬರ ಹಳೆಯ ಬಗೆಯ ಗುಡಿಸಲನ್ನು ಬಿಡಿಯಾಗಿ ವರ್ಣಿಸುವುದಾದರೆ ನಾಲ್ಕು ಮಾತು ಸಾಕು: ಕವೆಗೋಲಿನ ಕಂಬಗಳು, ಬಿದಿರಿನ ತಡಿಕೆಯ ಗೋಡೆ, ಅದಕ್ಕೆ ಮೆತ್ತಿದ ಮಣ್ಣು, ಮೇಲೆ ಹುಲ್ಲಿನ ಹೊದಿಕೆ, ಒಳಗೆ ಒಂದೇ ಅಂಕಣ, ಒಲೆ. ಇಂಥ ಒಂದು ಗುಡಿಸಲನ್ನು ಸಂಗ್ರಹಾಲಯದ ಹುಲ್ಲುಹಾಸಿನ ಮೇಲೆ ಒಂಟಿಯಾಗಿ ನಿಲ್ಲಿಸಿದರೆ ನೋಡುವವನಿಗೆ ಅಲ್ಲಿ ಬಡತನ ಕಾಣುತ್ತದೆಯೇ ಹೊರತು ವಾಸ್ತು ಕಾಣುವುದಿಲ್ಲ. ಏಕೆಂದರೆ ಅವರ ವಾಸ್ತು ಗುಡಿಸಲಿನಲ್ಲಿ ಮುಗಿಯುವುದಿಲ್ಲ. ಬಾಳಿನ ಬಹುಪಾಲು ನಡೆಯುವುದು ಸೂರಿನ ಹೊರಗೆ, ಗುಡಿಸಲುಗಳ ನಡುವಿನ ಅಂಗಳದಲ್ಲಿ. ಯಾರ ಬಾಗಿಲು ಯಾರ ಕಡೆಗೆ, ದೇವರ ಸ್ಥಳ ಎಲ್ಲಿ, ನೀರಿಗೆ ಹೋಗುವ ಜಾಡು ಯಾವುದು, ಹಿರಿಯರನ್ನು ಹೂಳಿದ ನೆಲ ಎಷ್ಟು ದೂರ ಎಂಬುದರಲ್ಲಿ ಆ ವಾಸ್ತುವಿನ ತಿರುಳಿದೆ. ಹಿಂದಿನ ಕಾಲದ ಜನಾಂಗವಿವರಣೆಗಳಲ್ಲಿ ಕಾಡುಕುರುಬರ ಹಾಡಿಗಳಲ್ಲಿ ಅವಿವಾಹಿತ ಯುವಕರಿಗೂ ಯುವತಿಯರಿಗೂ ಪ್ರತ್ಯೇಕ ಚಾವಡಿಗಳಿದ್ದುವೆಂದು ಹೇಳಿದೆ. ಒಂದು ಕುಟುಂಬದ ಗುಡಿಸಲು ಕಿರಿದಾಗಿರಲು ಇದೂ ಒಂದು ಕಾರಣವೆಂದು ತಿಳಿಯಬಹುದು. ದೊಡ್ಡ ಮನೆಯ ಕೋಣೆಗಳು ಹಾಡಿಯ ಉದ್ದಕ್ಕೂ ಹಂಚಿಹೋಗಿದ್ದವು. ಹಾಡಿಯನ್ನೇ ಒಂದು ಮನೆಯೆಂದು ಓದಿದರೆ ಅದರ ವಿನ್ಯಾಸ ಅರ್ಥವಾಗುತ್ತದೆ. ಗುಡಿಸಲನ್ನು ಮನೆಯೆಂದು ಓದಿದರೆ ಅರ್ಥವಾಗುವುದಿಲ್ಲ.

ಈ ವಿನ್ಯಾಸವು ಈಗ ಬಹುಮಟ್ಟಿಗೆ ಚದುರಿದೆ. 1974ರಲ್ಲಿ ಪೂರೈಸಿದ ಕಬಿನಿ ಜಲಾಶಯದಲ್ಲಿ ಅನೇಕ ಊರುಗಳೂ ಕಾಡಿನ ನೆಲವೂ ಮುಳುಗಿದವು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ, ಬಂಡೀಪುರದಲ್ಲಿ 1973ರಲ್ಲಿ ಮೊದಲಾದ ಹುಲಿ ಯೋಜನೆ, ನಾಗರಹೊಳೆಯ ರಾಷ್ಟ್ರೀಯ ಉದ್ಯಾನ ಇವುಗಳ ಫಲವಾಗಿ ಕಾಡಿನೊಳಗಿನ ಹಾಡಿಗಳು ಹೊರಕ್ಕೆ ಬರತೊಡಗಿದವು. ಹುಣಸೂರು ತಾಲ್ಲೂಕಿನ ನಾಗಾಪುರ, ಕೋಟೆ ತಾಲ್ಲೂಕಿನ ಸೊಳ್ಳೇಪುರ ಮುಂತಾದ ಪುನರ್ವಸತಿ ಬಡಾವಣೆಗಳು ಹುಟ್ಟಿಕೊಂಡವು. ಅಲ್ಲಿ ಇಟ್ಟಿಗೆಯ ಮನೆಗಳು ಸಾಲಾಗಿ, ಒಂದೇ ಮುಖವಾಗಿ, ರಸ್ತೆಯ ಗೆರೆಯನ್ನು ಅನುಸರಿಸಿ ನಿಂತಿವೆ. ಅಳತೆಯೆಲ್ಲ ಸಮ. ಅಂಗಳವೆಂಬುದು ಎರಡು ಮನೆಗಳ ನಡುವೆ ಮಿಕ್ಕ ಜಾಗ. ಪಕ್ಕಾ ಮನೆಯ ಮಗ್ಗುಲಲ್ಲಿ ಬಿದಿರಿನದೊಂದು ಮಾಡನ್ನು ಇಳಿಸಿಕೊಂಡು ಒಲೆಯನ್ನು ಅಲ್ಲಿಗೆ ಸಾಗಿಸಿದ ಕುಟುಂಬಗಳನ್ನೂ ಇಂಥ ಬಡಾವಣೆಗಳಲ್ಲಿ ನೋಡಬಹುದು. ಕಾಡಿನ ಅಂಚಿನಲ್ಲಿ ಉಳಿದ ಹಾಡಿಗಳಲ್ಲಿಯೂ ಹುಲ್ಲು ಬಿದಿರುಗಳನ್ನು ತರುವುದಕ್ಕೆ ನಿರ್ಬಂಧ ಬಂದ ಮೇಲೆ ಪ್ಲಾಸ್ಟಿಕ್ ಹೊದಿಕೆ ಬಂದಿತು. ಅಭಿರುಚಿ ಕೆಟ್ಟು ಹೀಗಾಯಿತೆಂದು ಪೇಟೆಯವರು ಹೇಳುವುದುಂಟು. ಸಾಮಗ್ರಿಯ ದಾರಿ ಮುಚ್ಚಿದುದನ್ನು ಅವರು ನೋಡುವುದಿಲ್ಲ.

ಹಾಗೆಂದು ಸೋರದ ಮಾಡು, ವಿದ್ಯುತ್ತು, ಶಾಲೆ, ಆಸ್ಪತ್ರೆಯ ದಾರಿ ಇವನ್ನು ಬಯಸುವವರಿಗೆ ಗುಡಿಸಲಿನ ಸೊಗಸನ್ನು ಉಪದೇಶಿಸುವುದು ಸಲ್ಲದು. ಪ್ರದರ್ಶನದ ಅಂದಕ್ಕಾಗಿ ಯಾರೂ ಹಳೆಯ ಮನೆಯಲ್ಲಿ ಇರಬೇಕಾಗಿಲ್ಲ. ನಮ್ಮ ವಾದ ಇಷ್ಟೆ: ಹೊಸ ಬಡಾವಣೆಯ ನಕ್ಷೆ ಕಚೇರಿಯಲ್ಲಿದೆ, ಹಳೆಯ ಹಾಡಿಯ ನಕ್ಷೆ ಎಲ್ಲಿಯೂ ಇಲ್ಲ. ಭೂಮಾಪನ ಇಲಾಖೆಯ ಗ್ರಾಮನಕ್ಷೆಯಲ್ಲಿ ಹೊಲಗಳ ಎಲ್ಲೆ ಅಂಗುಲಕ್ಕೆ ತಪ್ಪದೆ ಬಂದಿರುತ್ತದೆ, ಗ್ರಾಮಠಾಣಾ ಮಾತ್ರ ಸಾಮಾನ್ಯವಾಗಿ ಒಂದು ಖಾಲಿ ತುಂಡು. ಕಾಡಿನೊಳಗಿನ ಹಾಡಿಗೆ ಆ ಖಾಲಿ ತುಂಡಿನ ಭಾಗ್ಯವೂ ಇಲ್ಲ.

ಆದುದರಿಂದ ಈ ಸೀಮೆಯ ವಾಸ್ತುಪ್ರದರ್ಶನವೊಂದನ್ನು ಏರ್ಪಡಿಸುವವರು ಗುಡಿಸಲಿನ ಪ್ರತಿಕೃತಿಯಿಂದ ತೊಡಗದೆ ನಾಲ್ಕು ನಕ್ಷೆಗಳಿಂದ ತೊಡಗಬೇಕೆಂದು ಸೂಚಿಸುತ್ತೇವೆ. ಹೆಸರೇ ಹೇಳುವಂತೆ ಕೋಟೆಯ ನೆಲೆಯಲ್ಲಿ ಬೆಳೆದ ಹೆಗ್ಗಡದೇವನಕೋಟೆ. ರಸ್ತೆಗಳು ಕೂಡುವಲ್ಲಿ ಅಂಗಡಿ, ಹೋಟೆಲು, ಬಸ್ಸುಗಳ ಸುತ್ತ ಹುಟ್ಟಿದ ಹ್ಯಾಂಡ್‌ಪೋಸ್ಟ್. ಅಂಗಳದ ಸುತ್ತ ಹರಡಿದ ಹಾಡಿ. ಸಾಲುಮನೆಗಳ ಪುನರ್ವಸತಿ ಬಡಾವಣೆ. ಊರು ಹುಟ್ಟುವ ನಾಲ್ಕು ಬೇರೆ ಬೇರೆ ಕಾರಣಗಳು ಒಂದು ದಿನದ ತಿರುಗಾಟದಲ್ಲಿ ಇಲ್ಲಿ ಸಿಕ್ಕುತ್ತವೆ. ನಾಲ್ಕನ್ನೂ ಒಂದೇ ಪ್ರಮಾಣದಲ್ಲಿ, ಅಂದರೆ 5 ಮೀಟರಿಗೆ 1 ಸೆಂಟಿಮೀಟರಿನಂತೆ, ಬರೆಯತಕ್ಕದ್ದು. ಆಗ 4 ಮೀಟರಿನ ಗುಡಿಸಲು 8 ಮಿಲಿಮೀಟರಿನ ಗುರುತಾಗುತ್ತದೆ. 200 ಮೀಟರು ಹರಡಿದ ಹಾಡಿಗೆ 40 ಸೆಂಟಿಮೀಟರು ಬೇಕಾಗುತ್ತದೆ. ಮನೆ ಎಷ್ಟು ಕಿರಿದು, ಮನೆಗಳ ನಡುವಿನ ಬಾಳು ಎಷ್ಟು ಹಿರಿದು ಎಂಬುದು ಹಾಳೆಯ ಮೇಲೆಯೇ ಕಾಣುತ್ತದೆ. ಹ್ಯಾಂಡ್‌ಪೋಸ್ಟಿನಂಥ ಕೂಡುರಸ್ತೆಯ ಊರನ್ನು ಪ್ರದರ್ಶನಕ್ಕೆ ಯೋಗ್ಯವೆಂದು ಸಾಮಾನ್ಯವಾಗಿ ಯಾರೂ ಎಣಿಸುವುದಿಲ್ಲ. ಆದರೆ ಹಾಡಿಯವರು ಜೇನನ್ನೂ ಕೂಲಿಯನ್ನೂ ನಾಡಿನೊಡನೆ ಕೂಡಿಸುವ ದಾರಿ ಇಂಥ ಊರುಗಳ ಮೂಲಕವೇ ಹೋಗುತ್ತದೆ. ಪ್ರದರ್ಶನವನ್ನು ಮೈಸೂರಿನಲ್ಲಿ ನಡೆಸಿದ ಮೇಲೆ ಇಲ್ಲಿಯೂ ನಡೆಸುವುದು ಯುಕ್ತ. ಗೆಡ್ಡೆಸ್ ಬಯಸಿದಂತೆ ಊರಿನವರು ತಮ್ಮ ಊರನ್ನು ನೋಡುವುದು ಹಾಗೆ.

ಈ ನಕ್ಷೆಗಳಿಗೆ ಸಂಗ್ರಹಾಲಯದ ಆಚೆಗೂ ಬೆಲೆಯುಂಟು. 2006ರ ಅರಣ್ಯ ಹಕ್ಕುಗಳ ಕಾಯಿದೆಯ ನಿಯಮಗಳು ಹಕ್ಕಿಗೆ ಆಧಾರವಾಗಿ ಕಾಗದಪತ್ರಗಳನ್ನಷ್ಟೇ ಕೇಳುವುದಿಲ್ಲ. ಮನೆ, ಗುಡಿಸಲು ಮುಂತಾದ ನೆಲದ ಮೇಲಿನ ಗುರುತುಗಳು, ಬಾವಿ, ಸಮಾಧಿಸ್ಥಳ, ಪವಿತ್ರಸ್ಥಳಗಳಂಥ ಹಳಮೆಯ ಕುರುಹುಗಳು, ಬರಹಕ್ಕಿಳಿಸಿದ ಹಿರಿಯರ ಹೇಳಿಕೆ ಇವೂ ಸಾಕ್ಷ್ಯವೆಂದು ಅಲ್ಲಿ ಒಪ್ಪಿದೆ. ಒಬ್ಬ ಅಧ್ಯಾಪಕರೂ ಹತ್ತು ಮಂದಿ ವಿದ್ಯಾರ್ಥಿಗಳೂ, ಹಾಡಿಯ ಹಿರಿಯರನ್ನು ಮುಂದಿಟ್ಟುಕೊಂಡು, ಅಳತೆಪಟ್ಟಿ ದಿಕ್ಸೂಚಿಗಳೊಡನೆ ಬರೆದ ಹಳೆಯ ಹಾಡಿಯ ನಕ್ಷೆ ಈ ಮೂರನ್ನೂ ಒಟ್ಟಿಗೆ ಹಿಡಿಯಬಲ್ಲದು. ಹಾಡಿಯನ್ನು ಬಾಲ್ಯದಲ್ಲಿ ನಡೆದು ಬಲ್ಲವರ ಸಂಖ್ಯೆ ವರ್ಷೇ ವರ್ಷೇ ಇಳಿಯುತ್ತಿರುವುದರಿಂದ ಈ ಕೆಲಸ ತಡೆಯತಕ್ಕದ್ದಲ್ಲ. ಬರೆಯುವವರು ಎರಡು ನಿಯಮಗಳನ್ನು ಪಾಲಿಸಬೇಕು. ಮರ, ಬಂಡೆ, ಹಳ್ಳ, ದೇವರ ನೆಲೆ ಇವುಗಳ ಹೆಸರನ್ನು ಹಾಡಿಯವರು ಹೇಳಿದ ಉಚ್ಚಾರಣೆಯಲ್ಲಿಯೇ ಕನ್ನಡ ಲಿಪಿಯಲ್ಲಿ ಬರೆಯಬೇಕು, ತಿದ್ದಬಾರದು. ಪರರಿಗೆ ತೋರಿಸಬಾರದೆಂದು ಅವರು ಹೇಳಿದ ಸ್ಥಳವನ್ನು ಪ್ರದರ್ಶನದ ಪ್ರತಿಯಿಂದ ಬಿಡಬೇಕು. ಹಾಡಿಯವರ ಗ್ರಾಮಸಭೆಗೆ ಕೊಡುವ ಪ್ರತಿಯಲ್ಲಿ ಅದು ಇರಲಿ. ಮೊದಲು ಸಿದ್ಧವಾಗಬೇಕಾದುದು ಆ ಪ್ರತಿ, ಸಂಗ್ರಹಾಲಯದ ಗೋಡೆಗೆ ಹೋಗುವುದು ಎರಡನೆಯದು.